25 ಸೆಂಟಿಮೀಟರ್ ದಾರಿ, ಅರ್ಧ ಇಂಚಿನ ಗಾಯ: ಅನ್ನನಾಳದ ಹೊಸ ಶಸ್ತ್ರಚಿಕಿತ್ಸೆಗಳು



ಜೀರ್ಣಾಂಗಗಳ ಚಿತ್ರ ಬರೆಯಿರಿ ಎಂದರೆ ನಿಮ್ಮಲ್ಲಿ ಹೆಚ್ಚಿನವರು ಜಠರವನ್ನು ಚೆಂದವಾಗಿ ಬರೆಯುತ್ತೀರಿ. ಯಕೃತ್ತಿಗೆ ಬಣ್ಣ ತುಂಬುತ್ತೀರಿ. ಸಣ್ಣ ಕರುಳನ್ನು ತಾಳ್ಮೆಯಿಂದ ಸುರುಳಿ ಸುರುಳಿಯಾಗಿ ಬಿಡಿಸುತ್ತೀರಿ. ಬಾಯಿಯಿಂದ ಜಠರದವರೆಗೆ ಮಾತ್ರ ಎರಡು ಗೆರೆ ಎಳೆದು, ಪಕ್ಕದಲ್ಲಿ 'ಅನ್ನನಾಳ' ಎಂದು ಬರೆದು ಮುಗಿಸಿಬಿಡುತ್ತೀರಿ. ತಪ್ಪೇನಿಲ್ಲ, ಪರೀಕ್ಷೆಗೆ ಅಷ್ಟು ಸಾಕು. ಉತ್ತರಪತ್ರಿಕೆ ನೋಡುವಾಗ ನಾನೂ ಅದಕ್ಕೆ ಪೂರ್ತಿ ಅಂಕ ಕೊಡುತ್ತೇನೆ.

ಆದರೆ ಆ ಎರಡು ಗೆರೆಗಳ ನಡುವಿನ ದಾರಿ ಕೆಟ್ಟರೆ ಒಂದು ಲೋಟ ನೀರು ಕುಡಿಯುವುದೂ ಮನುಷ್ಯನಿಗೆ ದೊಡ್ಡ ಕೆಲಸವಾಗುತ್ತದೆ. ನೂರು ವರ್ಷಗಳ ಹಿಂದೆ ಅಲ್ಲಿಗೆ ಕೈ ಹಾಕಲು ಶಸ್ತ್ರವೈದ್ಯರೇ ಹೆದರುತ್ತಿದ್ದರು. ಇಂದು ಅಲ್ಲಿನ ಒಂದು ಕಾಯಿಲೆಯನ್ನು ಮೈಮೇಲೆ ಒಂದು ಗೀರೂ ಬೀಳದಂತೆ ಸರಿಪಡಿಸಲು ಸಾಧ್ಯವಾಗಿದೆ. ಇದು ಹೇಗಾಯಿತು ಎಂಬುದನ್ನು ಈ ಪಾಠದಲ್ಲಿ ನೋಡೋಣ. ವಿಜ್ಞಾನ ವಿಭಾಗದವರು ಮಾತ್ರವಲ್ಲ, ಕಾಮರ್ಸ್ ಮತ್ತು ಆರ್ಟ್ಸ್ ವಿದ್ಯಾರ್ಥಿಗಳೂ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಅನ್ನನಾಳ ಎಲ್ಲರಿಗೂ ಇದೆಯಲ್ಲ!

ಎರಡು ಗೆರೆಗಳ ನಡುವೆ ಏನಿದೆ?

ವಯಸ್ಕರಲ್ಲಿ ಅನ್ನನಾಳವು ಸುಮಾರು 25 ಸೆಂಟಿಮೀಟರ್ ಉದ್ದದ ಸ್ನಾಯುವಿನ ಕೊಳವೆ. ಎಂಡೋಸ್ಕೋಪಿ ಮಾಡುವ ವೈದ್ಯರು ಬಾಚಿಹಲ್ಲಿನಿಂದ ಅಳತೆ ಹಿಡಿಯುತ್ತಾರೆ. ಅಲ್ಲಿಂದ ಸುಮಾರು 15 ಸೆಂಟಿಮೀಟರ್‌ಗೆ ಅನ್ನನಾಳ ಶುರು, ಸುಮಾರು 40 ಸೆಂಟಿಮೀಟರ್‌ಗೆ ಜಠರದ ಬಾಗಿಲು. ಕುತ್ತಿಗೆಯಲ್ಲಿ ಶ್ವಾಸನಾಳದ ಹಿಂದೆ ಆರಂಭವಾಗುವ ಈ ಕೊಳವೆ, ಎದೆಗೂಡಿನಲ್ಲಿ ಹೃದಯದ ಹಿಂದೆ, ಬೆನ್ನುಮೂಳೆಯ ಮುಂದೆ ಇಳಿಯುತ್ತದೆ. ಕೊನೆಗೆ ವಪೆಯಲ್ಲಿರುವ ಒಂದು ರಂಧ್ರವನ್ನು ದಾಟಿ ಹೊಟ್ಟೆಯೊಳಗೆ ಬಂದು ಜಠರವನ್ನು ಸೇರುತ್ತದೆ.

ಕೊಳವೆಯ ಗೋಡೆಯನ್ನು ಒಳಗಿನಿಂದ ಹೊರಕ್ಕೆ ನೋಡಿದರೆ ಮೊದಲು ನುಣುಪಾದ ಲೋಳೆಪೊರೆ. ಅದರ ಕೆಳಗೆ ಸಬ್‌ಮ್ಯೂಕೋಸಾ ಎಂಬ ಸಡಿಲವಾದ ಪದರ. ಅದರಾಚೆ ಸ್ನಾಯು: ಒಳಗೆ ಉಂಗುರದಂತೆ ಸುತ್ತಿಕೊಂಡ ಎಳೆಗಳು, ಹೊರಗೆ ಉದ್ದಕ್ಕೆ ಹೋಗುವ ಎಳೆಗಳು. ಸಬ್‌ಮ್ಯೂಕೋಸಾ ಎಂಬ ಹೆಸರನ್ನು ನೆನಪಿನಲ್ಲಿಡಿ. ಮುಂದೆ ಅದಕ್ಕೆ ದೊಡ್ಡ ಪಾತ್ರವಿದೆ. ಇನ್ನೊಂದು ಮಾತು. ಕರುಳಿಗೆ ಹೊರಗಿನಿಂದ ಸೀರೋಸಾ ಎಂಬ ತೆಳುವಾದ ಹೊದಿಕೆ ಇದೆ. ಎದೆಯೊಳಗಿನ ಅನ್ನನಾಳಕ್ಕೆ ಅದಿಲ್ಲ. ಹಾಗಾಗಿ ಇಲ್ಲಿ ಹುಟ್ಟಿದ ಕ್ಯಾನ್ಸರ್ ಅಕ್ಕಪಕ್ಕಕ್ಕೆ ಹಬ್ಬುವುದು ಸುಲಭ, ಕತ್ತರಿಸಿ ಜೋಡಿಸಿದ ಹೊಲಿಗೆ ನಿಲ್ಲುವುದು ಕಷ್ಟ.

ಕೊಳವೆಯ ಎರಡು ತುದಿಗಳಲ್ಲೂ ಬಿಗಿಯುಂಗುರಗಳಿವೆ. ನಾವು ತುತ್ತು ನುಂಗಿದಾಗ ಮೇಲಿನ ಉಂಗುರ ತೆರೆಯುತ್ತದೆ. ಸ್ನಾಯುಗಳು ಅಲೆಯಂತೆ ಒಂದರ ಹಿಂದೆ ಒಂದು ಹಿಂಡಿ ತುತ್ತನ್ನು ಕೆಳಗೆ ತಳ್ಳುತ್ತವೆ. ಅದು ಬರುವ ಹೊತ್ತಿಗೆ ಕೆಳಗಿನ ಉಂಗುರ ಸಡಿಲವಾಗುತ್ತದೆ, ತುತ್ತು ಒಳಗೆ ಹೋದ ಮೇಲೆ ಮತ್ತೆ ಬಿಗಿಯಾಗುತ್ತದೆ. ಎಲ್ಲ ಸೇರಿ ಹತ್ತು ಸೆಕೆಂಡಿನೊಳಗಿನ ಕೆಲಸ. ಈ ಅಲೆಯ ಬಲದಿಂದಲೇ ತಲೆಕೆಳಗಾಗಿ ನಿಂತವರೂ ನೀರು ನುಂಗಬಲ್ಲರು. ಕೆಳಗಿನ ಉಂಗುರ ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದನ್ನು ಸ್ನಾಯುಪದರಗಳ ನಡುವೆ ಇರುವ ನರಜಾಲ ನೋಡಿಕೊಳ್ಳುತ್ತದೆ.

ಬಾಗಿಲು ತೆರೆಯದಿದ್ದರೆ, ಬಾಗಿಲು ಮುಚ್ಚದಿದ್ದರೆ, ದಾರಿಯೇ ಕಟ್ಟಿಕೊಂಡರೆ

ಅನ್ನನಾಳಕ್ಕೆ ಬರುವ ಕಾಯಿಲೆಗಳು ಹಲವು. ಶಸ್ತ್ರಚಿಕಿತ್ಸೆಯ ಮಟ್ಟಿಗೆ ಮೂರನ್ನು ತಿಳಿದುಕೊಂಡರೆ ಸಾಕು.

ಒಂದು, ಅಕಲೇಸಿಯಾ. ಇಲ್ಲಿ ಕೆಳಗಿನ ಉಂಗುರವನ್ನು ಸಡಿಲಿಸುವ ನರಕೋಶಗಳು ನಾಶವಾಗಿರುತ್ತವೆ. ಬಾಗಿಲು ತೆರೆಯುವುದಿಲ್ಲ, ಮೇಲಿನಿಂದ ತಳ್ಳುವ ಅಲೆಯೂ ನಿಂತುಹೋಗುತ್ತದೆ. ಉಂಡದ್ದು ಅನ್ನನಾಳದಲ್ಲೇ ನಿಂತು, ಕೊಳವೆ ನಿಧಾನವಾಗಿ ಚೀಲದಂತೆ ಹಿಗ್ಗುತ್ತದೆ. ಇದು ಅಪರೂಪದ ಕಾಯಿಲೆ. ಒಂದು ಲಕ್ಷ ಜನರಲ್ಲಿ ವರ್ಷಕ್ಕೆ ಸುಮಾರು ಒಬ್ಬರಿಗೆ ಹೊಸದಾಗಿ ಬರುತ್ತದೆ.

ಎರಡು, ಆಮ್ಲದ ಹಿಮ್ಮುಖ ಹರಿವು. ಕೆಳಗಿನ ಉಂಗುರ ಸಡಿಲವಾಗಿ ಜಠರದ ಹುಳಿ ಮೇಲಕ್ಕೆ ಬರುತ್ತದೆ. ಎದೆಯುರಿ, ಹುಳಿತೇಗು ಎಂದು ನಾವು ಹೇಳುವುದು ಇದನ್ನೇ. ಕೆಲವರಲ್ಲಿ ವಪೆಯ ರಂಧ್ರ ಅಗಲವಾಗಿ ಜಠರದ ಮೇಲ್ಭಾಗವೇ ಎದೆಯೊಳಗೆ ಜಾರಿರುತ್ತದೆ. ಅದು ಹಯಾಟಸ್ ಹರ್ನಿಯಾ.

ಮೂರು, ಕ್ಯಾನ್ಸರ್. ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವುದು ಲೋಳೆಪೊರೆಯ ಚಪ್ಪಟೆ ಕೋಶಗಳಲ್ಲಿ ಹುಟ್ಟುವ ಸ್ಕ್ವಾಮಸ್ ಬಗೆ. ತಂಬಾಕು, ಮದ್ಯ, ಅಡಿಕೆ ಇದಕ್ಕೆ ಮುಖ್ಯ ಕಾರಣಗಳ ಸಾಲಿನಲ್ಲಿವೆ. ಬಹುಕಾಲ ಕಾಡಿದ ಆಮ್ಲದಿಂದ ಕೆಳಭಾಗದಲ್ಲಿ ಹುಟ್ಟುವ ಅಡಿನೋಕಾರ್ಸಿನೋಮಾ ಇನ್ನೊಂದು ಬಗೆ.

ಒಂದೇ ಒಂದು ಪ್ರಶ್ನೆ

ನನ್ನ ಸೋದರತ್ತೆಗೆ ಅಕಲೇಸಿಯಾ ಇತ್ತು. ಅದು ಅಕಲೇಸಿಯಾ ಎಂದು ಗೊತ್ತಾಗಲು ನಾಲ್ಕು ವರ್ಷ ಹಿಡಿಯಿತು. ಒಂದು ಕಡೆ ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟರು. ಇನ್ನೊಂದು ಕಡೆ ಟೆನ್ಶನ್ ಎಂದರು. ನೆಂಟರು ದೃಷ್ಟಿಯಾಗಿದೆ ಎಂದರು. ರಾತ್ರಿ ಮಲಗಿದರೆ ಸಂಜೆ ಉಂಡ ಗಂಜಿ ಬಾಯಿಗೆ ಬಂದು ಕೆಮ್ಮು ಹತ್ತುತ್ತಿತ್ತು. ಎರಡು ದಿಂಬು ಒರಗಿಸಿ ಕೂತೇ ನಿದ್ದೆ ಮಾಡುತ್ತಿದ್ದರು. ಮದುವೆ ಮನೆಗಳಿಗೆ ಹೋದರೂ ಎಲ್ಲರ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟರು. ನಡುವೆ ಎದ್ದು ಹೋಗಬೇಕಾಗುತ್ತದಲ್ಲ ಎಂಬ ನಾಚಿಕೆ. ಒಟ್ಟು 17 ಕಿಲೋ ಇಳಿದರು.

ಕೊನೆಗೆ ಒಬ್ಬ ವೈದ್ಯರು ಕೇಳಿದರು: "ಅಮ್ಮಾ, ಅನ್ನ, ರೊಟ್ಟಿ ಮಾತ್ರ ಸಿಕ್ಕಿಕೊಳ್ಳುತ್ತದೋ, ನೀರೂ ಸಿಕ್ಕಿಕೊಳ್ಳುತ್ತದೋ?"

"ನೀರೂ ನಿಲ್ಲುತ್ತದೆ ಡಾಕ್ಟ್ರೇ. ಮೊದಲಿನಿಂದಲೂ ಹಾಗೆಯೇ."

ಈ ಪ್ರಶ್ನೆ ಎಷ್ಟು ಮುಖ್ಯ ಎಂಬುದನ್ನು ಅರ್ಥ ಮಾಡಿಕೊಳ್ಳಿ. ಒಳಗೆ ಗಡ್ಡೆ ಬೆಳೆದೋ, ಗಾಯ ಒಣಗಿ ಬಿಗಿದೋ ದಾರಿ ಕಿರಿದಾದರೆ ಮೊದಲು ಗಟ್ಟಿ ಆಹಾರ ಸಿಕ್ಕಿಕೊಳ್ಳುತ್ತದೆ. ದಾರಿ ಇನ್ನಷ್ಟು ಕಿರಿದಾದ ಮೇಲೆ ಮೆದು ಆಹಾರ, ಆಮೇಲೆ ನೀರು. ನರ-ಸ್ನಾಯುಗಳ ಚಲನೆಯೇ ಕೆಟ್ಟಿದ್ದರೆ ಗಟ್ಟಿಯೂ ನೀರೂ ಶುರುವಿನಿಂದಲೇ ತೊಂದರೆ ಕೊಡುತ್ತವೆ. ಉತ್ತರ ಯಾವುದೇ ಇರಲಿ, ಪರೀಕ್ಷೆ ಮಾಡಿಸಲೇಬೇಕು. ಆದರೆ ಯಾವ ದಿಕ್ಕಿನಲ್ಲಿ ಹುಡುಕಬೇಕು ಎಂಬುದನ್ನು ಈ ಒಂದು ಪ್ರಶ್ನೆ ತೋರಿಸುತ್ತದೆ.

ಅತ್ತೆಗೆ ಮೂರು ಪರೀಕ್ಷೆ ಮಾಡಿದರು. ಎಂಡೋಸ್ಕೋಪಿಯಲ್ಲಿ ಗಡ್ಡೆ ಇಲ್ಲವೆಂದು ಖಚಿತವಾಯಿತು. ಬೇರಿಯಂ ದ್ರಾವಣ ಕುಡಿಸಿ ಎಕ್ಸ್‌ರೇ ತೆಗೆದಾಗ ಮೇಲೆ ಹಿಗ್ಗಿದ ಅನ್ನನಾಳ ಕೆಳಗೆ ಹಕ್ಕಿಯ ಕೊಕ್ಕಿನಂತೆ ಚೂಪಾಗಿತ್ತು. ಮೂರನೆಯದು ಮ್ಯಾನೊಮೆಟ್ರಿ. ಮೂಗಿನ ಮೂಲಕ ಇಳಿಸಿದ ತೆಳುವಾದ ನಳಿಕೆ ಅನ್ನನಾಳದ ಪ್ರತಿ ಭಾಗದ ಒತ್ತಡವನ್ನು ಅಳೆಯುತ್ತದೆ. ಅದರಲ್ಲಿ ಕೆಳಗಿನ ಉಂಗುರ ಸಡಿಲವಾಗುತ್ತಿಲ್ಲ ಎಂಬುದು ಗೊತ್ತಾಯಿತು. ಅವರಿಗೆ ಆದ ಚಿಕಿತ್ಸೆಯನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಸ್ವಲ್ಪ ಇತಿಹಾಸ.

ತಿಮಿಂಗಿಲದ ಎಲುಬಿನಿಂದ 1913ರವರೆಗೆ

ಅಕಲೇಸಿಯಾದ ಮೊದಲ ಸ್ಪಷ್ಟ ವಿವರಣೆ ಕೊಟ್ಟವನು ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್, 1674ರಲ್ಲಿ. ತಿಮಿಂಗಿಲದ ಎಲುಬಿನ ಕಡ್ಡಿಯ ತುದಿಗೆ ಸ್ಪಂಜು ಕಟ್ಟಿ ಅವನು ರೋಗಿಗೆ ಕೊಟ್ಟ. ಊಟವಾದ ಮೇಲೆ ಆ ಮನುಷ್ಯ ಅದನ್ನು ಗಂಟಲಿಗೆ ಇಳಿಸಿ ಆಹಾರವನ್ನು ತಾನೇ ಜಠರಕ್ಕೆ ತಳ್ಳಿಕೊಳ್ಳಬೇಕು. ಹೀಗೆ ಅವನು ವರ್ಷಗಟ್ಟಲೆ ಬದುಕಿದ.

1913 ಅನ್ನನಾಳದ ಶಸ್ತ್ರಚಿಕಿತ್ಸೆಯಲ್ಲಿ ಮರೆಯಬಾರದ ವರ್ಷ. ಜರ್ಮನಿಯ ಲೈಪ್ಜಿಗ್‌ನಲ್ಲಿ ಅರ್ನ್ಸ್ಟ್ ಹೆಲ್ಲರ್ ಅಕಲೇಸಿಯಾ ರೋಗಿಯ ಹೊಟ್ಟೆ ತೆರೆದು, ಬಿಗಿಯುಂಗುರದ ಸ್ನಾಯುವನ್ನು ಸೀಳಿದರು. ಒಳಗಿನ ಲೋಳೆಪೊರೆಗೆ ಕತ್ತರಿ ತಾಗದಂತೆ ನೋಡಿಕೊಂಡರು. ಬಿಗಿ ಹೋಯಿತು, ಕೊಳವೆಗೆ ತೂತು ಬೀಳಲಿಲ್ಲ. ಇಂದಿಗೂ ಈ ಶಸ್ತ್ರಚಿಕಿತ್ಸೆಗೆ ಅವರ ಹೆಸರೇ ಇದೆ. ಅದೇ ವರ್ಷ ನ್ಯೂಯಾರ್ಕ್‌ನಲ್ಲಿ ಫ್ರಾನ್ಜ್ ಟೊರೆಕ್ ಕ್ಯಾನ್ಸರ್ ಬಂದ ಅನ್ನನಾಳವನ್ನು ಎದೆಯಿಂದ ತೆಗೆದರು. ಎರಡು ತುದಿಗಳನ್ನು ಜೋಡಿಸುವ ವಿದ್ಯೆ ಆಗ ಇರಲಿಲ್ಲ. ಕುತ್ತಿಗೆಯ ತೂತಿನಿಂದ ಹೊಟ್ಟೆಯ ತೂತಿಗೆ ದೇಹದ ಹೊರಗೆ ಒಂದು ರಬ್ಬರ್ ಕೊಳವೆ ಹಾಕಿದರು. ಆ ಮಹಿಳೆ ಅದರ ಮೂಲಕವೇ ಆಹಾರ ತೆಗೆದುಕೊಳ್ಳುತ್ತಾ ಹತ್ತು ವರ್ಷಕ್ಕೂ ಹೆಚ್ಚು ಬಾಳಿದರು.

ಆದರೆ ಇಂಥ ಯಶಸ್ಸು ಬಹಳ ಅಪರೂಪವಾಗಿತ್ತು. ಕಾರಣ ಸ್ಪಷ್ಟ. ಅನ್ನನಾಳವನ್ನು ಮುಟ್ಟಬೇಕಾದರೆ ಹೊಟ್ಟೆಯನ್ನು ಉದ್ದಕ್ಕೆ ತೆರೆಯಬೇಕು, ಇಲ್ಲವೇ ಪಕ್ಕೆಲುಬುಗಳನ್ನು ಅಗಲಿಸಿ ಎದೆ ತೆರೆಯಬೇಕು. ಪಕ್ಕೆಲುಬು ಅಗಲಿಸಿದ ನೋವು ಸಾಮಾನ್ಯದ್ದಲ್ಲ. ಉಸಿರೆಳೆದರೆ ನೋವು, ಕೆಮ್ಮಿದರೆ ನೋವು. ರೋಗಿ ಕೆಮ್ಮದಿದ್ದರೆ ಕಫ ಶ್ವಾಸಕೋಶದಲ್ಲೇ ಉಳಿದು ನ್ಯುಮೋನಿಯಾ ಬರುತ್ತದೆ. ಶಸ್ತ್ರಚಿಕಿತ್ಸೆ ಗೆದ್ದರೂ ರೋಗಿ ಗಾಯಕ್ಕೆ ಸೋಲುವುದು ಹೀಗೆ.

ಬೆಳಕು ಮತ್ತು ಗಾಳಿ

ಗಾಯವನ್ನು ಚಿಕ್ಕದು ಮಾಡಲು ಮೊದಲು ಬೇಕಾದದ್ದು ಕಣ್ಣು. 1868ರಲ್ಲಿ ಜರ್ಮನಿಯ ಅಡಾಲ್ಫ್ ಕುಸ್ಮಾಲ್ ಕತ್ತಿ ನುಂಗುವ ಆಟಗಾರನೊಬ್ಬನ ಗಂಟಲಿಗೆ ನೇರವಾದ ಕೊಳವೆ ಇಳಿಸಿ ಒಳಗೆ ನೋಡಲು ಯತ್ನಿಸಿದರು. ಬಗ್ಗದ ಕೊಳವೆ, ಸಾಲದ ಬೆಳಕು. 1954ರಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಮತ್ತು ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿ ಬಗ್ಗುವ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರ ಸಾಗಿಸಿ ತೋರಿಸಿದರು. ಭೌತಶಾಸ್ತ್ರದಲ್ಲಿ ನೀವು ಓದುವ ಸಂಪೂರ್ಣ ಆಂತರಿಕ ಪ್ರತಿಫಲನವೇ ಇದರ ತತ್ತ್ವ. 1957ರಲ್ಲಿ ಬೇಸಿಲ್ ಹಿರ್ಷೋವಿಟ್ಜ್ ಇದೇ ತತ್ತ್ವದ ಬಗ್ಗುವ ಎಂಡೋಸ್ಕೋಪ್ ಬಳಸಿದರು. ಇಂದು ತುದಿಯಲ್ಲಿ ಪುಟ್ಟ ಕ್ಯಾಮೆರಾವೇ ಇರುತ್ತದೆ.

ಎರಡನೆಯದಾಗಿ ಕೆಲಸ ಮಾಡಲು ಜಾಗ ಬೇಕು. ಲ್ಯಾಪರೊಸ್ಕೋಪಿಯಲ್ಲಿ, ಅಂದರೆ ನಮ್ಮ ಜನ 'ಕೀಹೋಲ್ ಆಪರೇಷನ್' ಎನ್ನುವ ವಿಧಾನದಲ್ಲಿ, ಹೊಟ್ಟೆಯ ಮೇಲೆ ಅರ್ಧ ಸೆಂಟಿಮೀಟರ್‌ನಿಂದ ಅರ್ಧ ಇಂಚಿನ ನಾಲ್ಕೈದು ತೂತು ಮಾಡುತ್ತಾರೆ. ಒಂದರಿಂದ ಇಂಗಾಲದ ಡೈಆಕ್ಸೈಡ್ ತುಂಬಿಸಿ ಹೊಟ್ಟೆಯ ಗೋಡೆಯನ್ನು ಗುಡಾರದಂತೆ ಎಬ್ಬಿಸುತ್ತಾರೆ. ಒತ್ತಡ ಸಾಮಾನ್ಯವಾಗಿ ಪಾದರಸದ 12ರಿಂದ 15 ಮಿಲಿಮೀಟರ್. ಈ ಅನಿಲವೇ ಏಕೆ? ಒಳಗೆ ವಿದ್ಯುತ್ ಉಪಕರಣದಿಂದ ಸುಟ್ಟು ಕತ್ತರಿಸುವಾಗ ಇದು ಉರಿಯುವುದಿಲ್ಲ, ಉರಿಯಲು ಸಹಾಯವನ್ನೂ ಮಾಡುವುದಿಲ್ಲ. ರಕ್ತದಲ್ಲಿ ಬೇಗ ಕರಗುತ್ತದೆ, ಉಸಿರಿನಲ್ಲಿ ಹೊರಗೆ ಹೋಗುತ್ತದೆ. ಒಂದು ತೂತಿನಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಉದ್ದ ಹಿಡಿಯ ಕತ್ತರಿ, ಚಿಮಟ. ವೈದ್ಯರು ಟಿವಿ ಪರದೆ ನೋಡಿಕೊಂಡು ಕೆಲಸ ಮಾಡುತ್ತಾರೆ.

1980ರಲ್ಲಿ ಜರ್ಮನಿಯ ಕುರ್ಟ್ ಸೆಮ್ ಹೀಗೆ ಅಪೆಂಡಿಕ್ಸ್ ತೆಗೆದಾಗ ಸಹೋದ್ಯೋಗಿಗಳೇ ಟೀಕಿಸಿದರು. 1985ರಲ್ಲಿ ಎರಿಕ್ ಮ್ಯೂಹೆ ಪಿತ್ತಕೋಶ ತೆಗೆದರು. 1991ರಲ್ಲಿ ಈ ವಿಧಾನ ಅನ್ನನಾಳಕ್ಕೂ ಬಂತು. ಸ್ಕಾಟ್ಲೆಂಡಿನ ಡಂಡಿಯಲ್ಲಿ ಆಲ್ಫ್ರೆಡ್ ಕುಶೇರಿಯವರ ತಂಡ ಹೆಲ್ಲರ್ ಶಸ್ತ್ರಚಿಕಿತ್ಸೆಯನ್ನು ಕೀಹೋಲ್ ಮೂಲಕ ಮಾಡಿದ್ದನ್ನು ಪ್ರಕಟಿಸಿತು.

ಬಾಗಿಲನ್ನು ಬಿಗಿ ಮಾಡುವುದು

ಆಮ್ಲ ಮೇಲೆ ಬರುವವರಿಗೆ ಬೇಕಾದದ್ದು ಇದರ ತದ್ವಿರುದ್ಧ ಕೆಲಸ. ಇದರ ಹಿಂದೆ ಒಂದು ಸ್ವಾರಸ್ಯದ ಕಥೆ ಇದೆ. 1933ರಲ್ಲಿ ಜರ್ಮನಿ ಬಿಟ್ಟು ಇಸ್ತಾಂಬುಲ್‌ಗೆ ಬಂದ ಶಸ್ತ್ರವೈದ್ಯ ರುಡಾಲ್ಫ್ ನಿಸೆನ್, ಅಲ್ಲಿ ಒಬ್ಬ ರೋಗಿಯ ಅನ್ನನಾಳದ ಕೆಳತುದಿಯನ್ನು ಕತ್ತರಿಸಿ ಜಠರಕ್ಕೆ ಜೋಡಿಸಿದರು. ಹೊಲಿಗೆ ಸೋರದಿರಲಿ ಎಂದು ಜಠರದ ಮಡಿಕೆಯನ್ನು ಅದರ ಸುತ್ತ ಹೊದಿಸಿದರು. ವರ್ಷಗಳ ಮೇಲೆ ನೋಡಿದರೆ ಆ ರೋಗಿಗೆ ಎದೆಯುರಿಯೇ ಇಲ್ಲ! ಆ ಹೊದಿಕೆಯೇ ಕವಾಟವಾಗಿತ್ತು. 1955ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ನಿಸೆನ್ ಇದನ್ನು ಆಮ್ಲದ ತೊಂದರೆಗೇ ಬಳಸಿದರು. ಇದೇ ಫಂಡೊಪ್ಲಿಕೇಷನ್: ಜಠರದ ಮೇಲ್ಭಾಗವನ್ನು ಅನ್ನನಾಳದ ಕೊನೆಯ ತುದಿಗೆ ಮಫ್ಲರ್‌ನಂತೆ ಸುತ್ತಿ ಹೊಲಿಯುವುದು. 1991ರಲ್ಲಿ ಬೆಲ್ಜಿಯಮ್ಮಿನ ಬರ್ನಾರ್ಡ್ ಡಾಲ್ಮಾನ್ಯ ಇದನ್ನೂ ಕೀಹೋಲ್ ಮೂಲಕ ಮಾಡಿ ವರದಿ ಕೊಟ್ಟರು.

ಎದೆಯುರಿ ಇದ್ದವರೆಲ್ಲ ಆಪರೇಷನ್‌ಗೆ ಓಡಬೇಕಿಲ್ಲ. ಹೆಚ್ಚಿನವರಿಗೆ ಮಾತ್ರೆ ಮತ್ತು ಅಭ್ಯಾಸದ ಬದಲಾವಣೆ ಸಾಕು. ಮಾತ್ರೆಗೆ ಬಗ್ಗದವರಿಗೆ, ದೊಡ್ಡ ಹರ್ನಿಯಾ ಇದ್ದವರಿಗೆ ಇದು ದಾರಿ.

ಗೋಡೆಯೊಳಗೆ ಸುರಂಗ

ಈಗ ಅತ್ತೆಗೆ ಆದ ಚಿಕಿತ್ಸೆಗೆ ಬರೋಣ. ಅದರ ಚಿಕ್ಕ ಹೆಸರು ಪೋಯೆಮ್. ಕವಿತೆ ಎಂದುಕೊಳ್ಳಬೇಡಿ, ಪರ್ ಓರಲ್ ಎಂಡೋಸ್ಕೋಪಿಕ್ ಮಯಾಟಮಿ ಎಂಬುದರ ಮೊದಲಕ್ಷರಗಳು ಅವು. ಬಾಯಿಯ ಮೂಲಕ ಹೋಗಿ ಸ್ನಾಯು ಸೀಳುವುದು ಎಂದು ಅರ್ಥ. 2007ರಲ್ಲಿ ಪಂಕಜ್ ಪಸ್ರಿಚಾ ಮತ್ತು ಸಂಗಡಿಗರು ಹಂದಿಗಳಲ್ಲಿ ಇದು ಸಾಧ್ಯವೆಂದು ತೋರಿಸಿದರು. 2008ರಲ್ಲಿ ಜಪಾನಿನ ಯೋಕೊಹಾಮಾದಲ್ಲಿ ಹರುಹಿರೊ ಇನೊಯೆ ಮನುಷ್ಯರಲ್ಲಿ ಮಾಡಿದರು. 2010ರಲ್ಲಿ 17 ರೋಗಿಗಳ ಫಲಿತಾಂಶ ಪ್ರಕಟಿಸಿದರು.

ಪೂರ್ಣ ಅರಿವಳಿಕೆ ಕೊಟ್ಟು ಎಂಡೋಸ್ಕೋಪನ್ನು ಬಾಯಿಯಿಂದ ಇಳಿಸುತ್ತಾರೆ. ಬಿಗಿಯುಂಗುರಕ್ಕಿಂತ ಸಾಕಷ್ಟು ಮೇಲೆ, ಲೋಳೆಪೊರೆಯ ಕೆಳಗೆ ನೀಲಿ ಬಣ್ಣ ಬೆರೆಸಿದ ಸಲೈನ್ ಚುಚ್ಚುತ್ತಾರೆ. ಸಡಿಲವಾದ ಸಬ್‌ಮ್ಯೂಕೋಸಾ ಉಬ್ಬಿ, ಲೋಳೆಪೊರೆ ಸ್ನಾಯುವಿನಿಂದ ಬೇರೆಯಾಗುತ್ತದೆ. ಅಲ್ಲಿ ಸುಮಾರು 2 ಸೆಂಟಿಮೀಟರ್ ಬಾಯಿ ಕೊಯ್ದು, ಎಂಡೋಸ್ಕೋಪ್ ಗೋಡೆಯೊಳಗೇ ನುಗ್ಗುತ್ತದೆ. ಸಬ್‌ಮ್ಯೂಕೋಸಾದಲ್ಲಿ ಸುರಂಗ ಕೊರೆಯುತ್ತಾ ಬಿಗಿಯುಂಗುರವನ್ನು ದಾಟಿ ಜಠರದ ಗೋಡೆಯವರೆಗೆ ಹೋಗುತ್ತದೆ. ನಂತರ ಸುರಂಗದೊಳಗಿನಿಂದಲೇ ಉಂಗುರದ ಸ್ನಾಯುವನ್ನು ಸೀಳುತ್ತಾರೆ. ಹೊರಬಂದು ಸುರಂಗದ ಬಾಯಿಯನ್ನು ಪುಟ್ಟ ಲೋಹದ ಕ್ಲಿಪ್ಪುಗಳಿಂದ ಮುಚ್ಚುತ್ತಾರೆ.

ಇದರ ಜಾಣ್ಮೆ ಎಲ್ಲಿದೆ ನೋಡಿ. ಲೋಳೆಪೊರೆ ಕೊಯ್ದ ಜಾಗ ಒಂದು, ಸ್ನಾಯು ಸೀಳಿದ ಜಾಗ ಇನ್ನೊಂದು. ಸ್ನಾಯು ಸೀಳಿದಲ್ಲಿ ಲೋಳೆಪೊರೆ ಇಡಿಯಾಗಿಯೇ ಇರುತ್ತದೆ. ಆದ್ದರಿಂದ ಉಂಡದ್ದು ಎದೆಯೊಳಗೆ ಸೋರುವುದಿಲ್ಲ. ಹೆಲ್ಲರ್ 1913ರಲ್ಲಿ ಹೊರಗಿನಿಂದ ಪಾಲಿಸಿದ ನಿಯಮವನ್ನೇ ಇಲ್ಲಿ ಒಳಗಿನಿಂದ ಪಾಲಿಸುತ್ತಾರೆ.

ಯಾವುದು ಉತ್ತಮ? ಇದಕ್ಕೆ ಅಭಿಪ್ರಾಯ ಸಾಲದು, ಹೋಲಿಕೆ ಬೇಕು. 2019ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನದಲ್ಲಿ 221 ರೋಗಿಗಳನ್ನು ಲಾಟರಿಯಂತೆ ಎರಡು ಗುಂಪು ಮಾಡಿದರು: ಒಂದಕ್ಕೆ ಪೋಯೆಮ್, ಇನ್ನೊಂದಕ್ಕೆ ಕೀಹೋಲ್ ಹೆಲ್ಲರ್. ಎರಡು ವರ್ಷದ ಮೇಲೆ ಗುಣ ಕಂಡವರು ಮೊದಲ ಗುಂಪಿನಲ್ಲಿ ಶೇ. 83, ಎರಡನೆಯದರಲ್ಲಿ ಶೇ. 81.7. ಹೆಚ್ಚುಕಡಿಮೆ ಸಮ. ಗಂಭೀರ ತೊಡಕು ಪೋಯೆಮ್‌ನಲ್ಲಿ ಕಡಿಮೆ: ಶೇ. 2.7, ಹೆಲ್ಲರ್‌ನಲ್ಲಿ ಶೇ. 7.3. ಆದರೆ ಎರಡು ವರ್ಷದ ಕೊನೆಗೆ ಆಮ್ಲದಿಂದ ಅನ್ನನಾಳ ಹುಣ್ಣಾದವರು ಪೋಯೆಮ್‌ನಲ್ಲಿ ಶೇ. 44, ಹೆಲ್ಲರ್‌ನಲ್ಲಿ ಶೇ. 29. ಹೆಲ್ಲರ್ ಮಾಡುವಾಗ ಜಠರದ ಅರ್ಧ ಹೊದಿಕೆಯನ್ನೂ ಹೊಲಿಯುತ್ತಾರೆ, ಪೋಯೆಮ್‌ನಲ್ಲಿ ಅದಿಲ್ಲ. ಬಾಗಿಲು ತೆರೆದರೆ ಗಾಳಿಯ ಜೊತೆ ಧೂಳೂ ಬರುತ್ತದೆ.

ಅತ್ತೆಯ ವಿಷಯದಲ್ಲೂ ಹಾಗೆಯೇ. ಮರುದಿನ ಕಾಂಟ್ರಾಸ್ಟ್ ಕುಡಿಸಿ ಎಕ್ಸ್‌ರೇ ನೋಡಿ, ಸೋರಿಕೆ ಇಲ್ಲವೆಂದು ಖಚಿತವಾದ ಮೇಲೆ ನೀರು ಕೊಟ್ಟರು. ಅವರು ಅರ್ಧ ಲೋಟ ಕುಡಿದು ಸುಮ್ಮನೆ ಕೂತರು. ಎಂದಿನಂತೆ ನೀರು ಎದೆಯಲ್ಲಿ ನಿಲ್ಲುತ್ತದೆಂದು ಕಾಯುತ್ತಿದ್ದರಂತೆ. ನಿಲ್ಲಲಿಲ್ಲ. ಈಗ ಅವರು ಎಲ್ಲರ ಜೊತೆ ಕೂತು ಉಣ್ಣುತ್ತಾರೆ. ಆಮ್ಲದ ಮಾತ್ರೆಯನ್ನು ಮಾತ್ರ ದಿನಾ ತೆಗೆದುಕೊಳ್ಳಬೇಕು.

ಕ್ಯಾನ್ಸರ್: ಅತ್ಯಂತ ಕಷ್ಟದ ಕೆಲಸ

ಕ್ಯಾನ್ಸರ್ ಲೋಳೆಪೊರೆಯ ಮಟ್ಟದಲ್ಲೇ ಇರುವಾಗ ಸಿಕ್ಕಿದರೆ ಎಂಡೋಸ್ಕೋಪಿನಿಂದಲೇ ಆ ಪದರವನ್ನು ಸುಲಿದು ತೆಗೆಯಬಹುದು. ಇಲ್ಲಿಯೂ ನೆರವಿಗೆ ಬರುವುದು ಅದೇ ಸಬ್‌ಮ್ಯೂಕೋಸಾ. ಆಳಕ್ಕೆ ಇಳಿದಿದ್ದರೆ ಅನ್ನನಾಳದ ಬಹುಭಾಗವನ್ನು ಸುತ್ತಲಿನ ದುಗ್ಧಗ್ರಂಥಿಗಳೊಂದಿಗೆ ತೆಗೆಯಬೇಕು. ಹಲವರಿಗೆ ಮೊದಲು ಕಿಮೋಥೆರಪಿ, ಕೆಲವರಿಗೆ ಜೊತೆಗೆ ರೇಡಿಯೇಷನ್ ಕೊಟ್ಟು ಆಮೇಲೆ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ತೆಗೆದ ಕೊಳವೆಯ ಜಾಗಕ್ಕೆ ಏನು? ಜಠರವನ್ನೇ ಉದ್ದವಾದ ಕೊಳವೆಯಾಗಿ ರೂಪಿಸಿ ಎದೆಯೊಳಗೆ ಎಳೆದು ಜೋಡಿಸುತ್ತಾರೆ.

ಇದನ್ನೇ ಎದೆ ಮತ್ತು ಹೊಟ್ಟೆಯಲ್ಲಿ ಸಣ್ಣ ತೂತುಗಳ ಮೂಲಕ ಮಾಡುವುದು ಹೊಸ ವಿಧಾನ. ನಮ್ಮ ನೆರೆಯ ಕೊಯಮತ್ತೂರಿನ ಡಾ. ಸಿ. ಪಳನಿವೇಲು ಅವರ ತಂಡ ರೋಗಿಯನ್ನು ಬೋರಲು ಮಲಗಿಸಿ ಎದೆಯ ಭಾಗದ ಕೆಲಸ ಮಾಡಿತು. ಹಾಗೆ ಮಲಗಿಸಿದರೆ ಗುರುತ್ವದಿಂದ ಶ್ವಾಸಕೋಶ ಮುಂದಕ್ಕೆ ಜಾರುತ್ತದೆ, ರಕ್ತವೂ ಕೆಳಗೆ ಹರಿದುಹೋಗುತ್ತದೆ, ಅನ್ನನಾಳ ಕಣ್ಣೆದುರೇ ಕಾಣುತ್ತದೆ. 2006ರಲ್ಲಿ ಅವರು 130 ರೋಗಿಗಳ ಅನುಭವ ಪ್ರಕಟಿಸಿದಾಗ ಜಗತ್ತಿನ ಶಸ್ತ್ರವೈದ್ಯರು ಗಮನಿಸಿದರು.

2012ರಲ್ಲಿ ಪ್ರಕಟವಾದ ಯುರೋಪಿನ ಒಂದು ಅಧ್ಯಯನದಲ್ಲಿ 115 ರೋಗಿಗಳಿದ್ದರು. ಮೊದಲ ಎರಡು ವಾರದಲ್ಲಿ ಶ್ವಾಸಕೋಶದ ಸೋಂಕು ಬಂದವರು ಎದೆ ತೆರೆದ ಗುಂಪಿನಲ್ಲಿ ಶೇ. 29, ಸಣ್ಣ ತೂತಿನ ಗುಂಪಿನಲ್ಲಿ ಶೇ. 9. ಕೆಮ್ಮಿದರೆ ನೋವು ಎಂದೆನಲ್ಲ, ಅದರ ಲೆಕ್ಕ ಇದು. ಈಗ ರೋಬೋಟ್ ಕೈಗಳ ಸಹಾಯದಿಂದಲೂ ಇದನ್ನು ಮಾಡುತ್ತಾರೆ. ರೋಬೋಟ್ ತಾನಾಗಿ ಏನೂ ಮಾಡುವುದಿಲ್ಲ. ಪಕ್ಕದಲ್ಲಿ ಕುಳಿತ ವೈದ್ಯರ ಕೈಚಲನೆಯನ್ನು ಅನುಸರಿಸುತ್ತದೆ.

ಗಾಯ ಚಿಕ್ಕದು, ಆಪರೇಷನ್ ಚಿಕ್ಕದಲ್ಲ

ಒಂದು ತಪ್ಪು ಕಲ್ಪನೆ ಬೇಡ. ಹೊರಗಿನ ಗಾಯ ಚಿಕ್ಕದಾದ ಮಾತ್ರಕ್ಕೆ ಒಳಗಿನ ಕೆಲಸ ಚಿಕ್ಕದಾಗುವುದಿಲ್ಲ. ಹೃದಯ, ಮಹಾಅಪಧಮನಿ, ಶ್ವಾಸನಾಳ ಎಲ್ಲವೂ ಅಲ್ಲೇ ಅಂಗೈ ಅಗಲದಲ್ಲಿವೆ. ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಜೋಡಣೆ ಸೋರಿದರೆ ಇಂದಿಗೂ ಜೀವಕ್ಕೆ ಅಪಾಯ. ಕ್ಯಾಮೆರಾದಿಂದ ಶುರು ಮಾಡಿ, ಅಗತ್ಯ ಬಿದ್ದರೆ ದೊಡ್ಡದಾಗಿ ತೆರೆಯಬೇಕಾಗುವುದೂ ಉಂಟು. ಅದು ಸೋಲಲ್ಲ, ರೋಗಿಯ ಸುರಕ್ಷತೆ. ಇಂಥ ಚಿಕಿತ್ಸೆಗೆ ಹೆಚ್ಚು ಅನುಭವವಿರುವ ತಂಡವನ್ನು ಹುಡುಕುವುದು ಮುಖ್ಯ. ತಂಡ ಎಂದೆ. ಶಸ್ತ್ರವೈದ್ಯರ ಜೊತೆ ಅರಿವಳಿಕೆ ತಜ್ಞರು, ನರ್ಸ್‌ಗಳು, ಆಪರೇಷನ್ ಥಿಯೇಟರ್ ಮತ್ತು ಅನಸ್ತೇಷಿಯಾ ಟೆಕ್ನಾಲಜಿ ಓದಿದವರು, ಆ ಉಪಕರಣ ವಿನ್ಯಾಸ ಮಾಡುವ ಎಂಜಿನಿಯರುಗಳು ಎಲ್ಲರೂ ಬೇಕು. ಎಂಬಿಬಿಎಸ್ ಸೀಟು ಸಿಗದಿದ್ದರೆ ಎಲ್ಲ ಮುಗಿಯಿತು ಎಂದುಕೊಳ್ಳುವ ಪಿಯು ವಿದ್ಯಾರ್ಥಿಗಳು ಈ ಸಾಲನ್ನು ಇನ್ನೊಮ್ಮೆ ಓದಿ.

ಮನೆಯಲ್ಲಿ ನಾವು ಮಾಡಬಹುದಾದದ್ದು

• ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದಾಗ ಉಂಡದ್ದು ಬಾಯಿಗೆ ಬರುವುದು, ರಕ್ತವಾಂತಿ, ಕಪ್ಪು ಮಲ: ಇವುಗಳಲ್ಲಿ ಯಾವುದಿದ್ದರೂ ಗ್ಯಾಸ್ಟ್ರಿಕ್ ಮಾತ್ರೆ ನುಂಗಿಕೊಂಡು ದಿನ ದೂಡಬೇಡಿ. ಮನೆಯ ಹಿರಿಯರು ಊಟದ ನಡುವೆ ಎದ್ದು ಹೋಗುತ್ತಿದ್ದರೆ ಕಾರಣ ಕೇಳಿ.

• ಎದೆನೋವನ್ನು ಎದೆಯುರಿ ಎಂದು ನೀವೇ ತೀರ್ಮಾನಿಸಬೇಡಿ. ಮೊದಲು ಹೃದಯದ ತೊಂದರೆ ಇಲ್ಲವೆಂದು ಖಚಿತವಾಗಬೇಕು.

• ಗುಟ್ಕಾ, ತಂಬಾಕು ಬೇಡ. ತಂಬಾಕು ಇಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಘೋಷಿಸಿದೆ. ಅಡಿಕೆ ಬೆಳೆಯುವ ನಾಡಿನವರಿಗೆ ಈ ಮಾತು ಕಹಿ, ಆದರೂ ಹೇಳಬೇಕು. 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಪಾನೀಯ ಅನ್ನನಾಳಕ್ಕೆ ಬಹುಶಃ ಕ್ಯಾನ್ಸರ್ ತರಬಲ್ಲದು ಎಂದು ಅದೇ ಸಂಸ್ಥೆ 2016ರಲ್ಲಿ ಹೇಳಿದೆ. ಚಹಾ ಬಿಡಬೇಡಿ, ಸ್ವಲ್ಪ ಆರಿಸಿ ಕುಡಿಯಿರಿ.

• ಉಂಡ ಕೂಡಲೇ ಮಲಗಬೇಡಿ, ಎರಡು ಮೂರು ಗಂಟೆ ಬಿಡಿ. ರಂಜಾನ್ ತಿಂಗಳಲ್ಲಿ ಇಫ್ತಾರ್‌ಗೆ ಕರಿದದ್ದನ್ನೇ ಹೊಟ್ಟೆ ತುಂಬ ತಿಂದು, ಸಹ್ರಿ ಮುಗಿಸಿ ನೇರ ಹಾಸಿಗೆಗೆ ಹೋಗುವವರು ಇದನ್ನು ಗಮನಿಸಿ.

• ಬಚ್ಚಲು ತೊಳೆಯುವ ಆ್ಯಸಿಡನ್ನು ನೀರಿನ ಬಾಟಲಿಯಲ್ಲಿ ಎಂದೂ ಇಡಬೇಡಿ. ಮಕ್ಕಳು ಕುಡಿದರೆ ಅನ್ನನಾಳ ಸುಟ್ಟು ಶಾಶ್ವತವಾಗಿ ಬಿಗಿದುಕೊಳ್ಳಬಹುದು. ಕುಡಿದಿದ್ದರೆ ವಾಂತಿ ಮಾಡಿಸಬಾರದು. ಸುಟ್ಟದ್ದು ಇನ್ನೊಮ್ಮೆ ಸುಡುತ್ತದೆ. ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಆಟಿಕೆಯ ಬಟನ್ ಬ್ಯಾಟರಿ ನುಂಗಿದ್ದರೂ ಹಾಗೆಯೇ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಗೋಡೆಯನ್ನು ಸುಡಬಲ್ಲದು.

ಯೋಚಿಸಿ, ಉತ್ತರಿಸಿ

1. ಲ್ಯಾಪರೊಸ್ಕೋಪಿಯಲ್ಲಿ ಆಮ್ಲಜನಕದ ಬದಲು ಇಂಗಾಲದ ಡೈಆಕ್ಸೈಡ್ ಬಳಸುವುದು ಏಕೆ?

2. ಪೋಯೆಮ್‌ನಲ್ಲಿ ಲೋಳೆಪೊರೆಯನ್ನೂ ಸ್ನಾಯುವನ್ನೂ ಒಂದೇ ಜಾಗದಲ್ಲಿ ಕೊಯ್ದರೆ ಏನಾಗಬಹುದು?

3. ಹೆಲ್ಲರ್ ಶಸ್ತ್ರಚಿಕಿತ್ಸೆ ಮತ್ತು ಫಂಡೊಪ್ಲಿಕೇಷನ್ ಒಂದಕ್ಕೊಂದು ವಿರುದ್ಧ ಕೆಲಸ ಮಾಡುತ್ತವೆ. ಹಾಗಿದ್ದರೂ ಒಬ್ಬರೇ ರೋಗಿಗೆ ಎರಡನ್ನೂ ಸೇರಿಸಿ ಮಾಡುವುದೇಕೆ?

4. 55 ವರ್ಷದ ಒಬ್ಬರಿಗೆ ಎರಡು ತಿಂಗಳಿಂದ ರೊಟ್ಟಿ ಸಿಕ್ಕಿಕೊಳ್ಳುತ್ತಿದೆ, ಗಂಜಿ ಇಳಿಯುತ್ತದೆ, ತೂಕ ಇಳಿದಿದೆ. ಯಾವ ಬಗೆಯ ತೊಂದರೆಯ ಸಂಶಯ ಬರಬೇಕು? ಮೊದಲು ಯಾವ ಪರೀಕ್ಷೆ?

ಉತ್ತರಗಳೆಲ್ಲ ಈ ಪಾಠದಲ್ಲೇ ಇವೆ. ಬರೆದು ತಂದರೆ ಮಧ್ಯಾಹ್ನದ ಬಿಡುವಿನಲ್ಲಿ ಸ್ಟಾಫ್ ರೂಮಿನಲ್ಲಿ ನೋಡಿ ಕೊಡುತ್ತೇನೆ. ನಾಲ್ಕನೆಯ ಪ್ರಶ್ನೆಗೆ ಉತ್ತರ ಬರೆಯುವಾಗ ನಿಮ್ಮ ಮನೆಯವರ, ನೆರೆಯವರ ಮುಖ ಯಾವುದಾದರೂ ನೆನಪಾದರೆ ನನ್ನ ಬಳಿ ಬರುವ ಮೊದಲು ಅವರ ಬಳಿ ಹೋಗಿ.